ಒಂದು ಫ್ಲಾಪಿಗೆ ಇಪ್ಪತ್ತು ಶಾಲೆ

ನಾನು ಪುತ್ತೂರಿನ ಒಂದು ಅನುದಾನಿತ ಹೈಸ್ಕೂಲಿಗೆ ಗಣಿತದ ಟೀಚರಾಗಿ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಸೇರಿದ ಮೊದಲ ವಾರವೇ ಹೆಡ್‌ಮಾಸ್ಟರು ಕರೆದು, "ನೀವು ಲೆಕ್ಕದವರಲ್ವಾ, ಈ ವರ್ಷದ ಟೈಮ್‌ಟೇಬಲ್ ನೀವೇ ಮಾಡಿ" ಎಂದರು. ಆ ವರ್ಷಕ್ಕೆ ಮಾತ್ರ ಎಂದುಕೊಂಡಿದ್ದೆ. ಆ ಕೆಲಸ ನನ್ನನ್ನು ಬಿಡಲೇ ಇಲ್ಲ.

ಒಂಬತ್ತು ವಿಭಾಗ, ಹದಿನಾಲ್ಕು ಮಂದಿ ಶಿಕ್ಷಕರು. ಹಿಂದಿಗೆ ಒಬ್ಬರೇ, ಆಟಕ್ಕೆ ಒಬ್ಬರೇ, ಹೊಲಿಗೆಯ ಟೀಚರು ವಾರದಲ್ಲಿ ಮೂರು ದಿನ ಬೇರೆ ಶಾಲೆಗೆ ಹೋಗುವವರು. ಬೆಟ್ಟಂಪಾಡಿ ಕಡೆಯಿಂದ ಬರುವ ಸಮಾಜದ ಮಾಸ್ಟರರ ಬಸ್ಸು ಬೆಲ್ ಹೊಡೆದು ಹತ್ತು ನಿಮಿಷಕ್ಕೆ ತಲುಪುತ್ತಿತ್ತು. ಅವರಿಗೆ ಮೊದಲ ಪೀರಿಯಡ್ ಹಾಕುವಂತಿಲ್ಲ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಒಬ್ಬರೇ ಶಿಕ್ಷಕರು ಒಂದೇ ಹೊತ್ತಿಗೆ ಎರಡು ತರಗತಿಯಲ್ಲಿ ನಿಂತಿರುತ್ತಿದ್ದರು. ನಾನು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಚೌಕ ಎಳೆದು, ಬಣ್ಣಬಣ್ಣದ ಅಂಗಿಯ ಗುಂಡಿಗಳನ್ನು ಶಿಕ್ಷಕರೆಂದು ಇಟ್ಟು, ಮೇ ತಿಂಗಳಿಡೀ ಸರಿಸುತ್ತಾ ಕೂರುತ್ತಿದ್ದೆ. ಫ್ಯಾನ್ ಹಾಕಿದರೆ ಹಾಳೆ ಹಾರಿ ಶಾಲೆಯೆಲ್ಲ ನೆಲಕ್ಕೆ ಬೀಳುತ್ತಿತ್ತು.

ಎಂಬತ್ತರ ದಶಕ ಅರ್ಧ ಕಳೆದ ಮೇಲೆ ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಕಂಪ್ಯೂಟರ್ ಸೆಂಟರ್ ಶುರುವಾಯಿತು. ನಡೆಸುತ್ತಿದ್ದವರು ಏಳೆಂಟು ವರ್ಷ ದುಬೈಯ ಒಂದು ಆಫೀಸಿನಲ್ಲಿದ್ದು ಮರಳಿದ ಬ್ಯಾರಿ ಮುಸ್ಲಿಂ ಮನೆತನದವರು. ಕೆಳಗಿನ ಅಂಗಡಿ ಅವರ ಅಣ್ಣಂದಿರದು. ಬೇಸಿಗೆ ರಜೆಯಲ್ಲಿ ನಾನು ಅಲ್ಲಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಸೇರಿದೆ. ತರಗತಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ನಾಲ್ಕು ಮಂದಿ ಇದ್ದರು. ಮೂರನೇ ವಾರ ಸೆಂಟರ್ ನಡೆಸುತ್ತಿದ್ದವರು ನನ್ನ ಹಿಂದೆ ನಿಂತು ಪರದೆ ನೋಡಿ, "ಟೀಚರ್, ಇದು ನಾನು ಕಲಿಸಿದ್ದಲ್ಲ. ನೀವು ಎಂತ ಮಾಡುದು?" ಎಂದು ಕೇಳಿದರು.

"ಗುಂಡಿಗಳನ್ನು ಇದರೊಳಗೆ ಹಾಕ್ಲಿಕ್ಕೆ ನೋಡ್ತಾ ಇದ್ದೇನೆ" ಎಂದೆ.

ಹಾಕಲು ಒಂದೂವರೆ ವರ್ಷ ಹಿಡಿಯಿತು. ಶಾಲೆ ಬಿಟ್ಟ ಮೇಲೆ ದಿನಕ್ಕೊಂದು ಗಂಟೆ ಅವರು ನನಗೆ ಯಂತ್ರವನ್ನು ಸುಮ್ಮನೆ ಬಿಟ್ಟುಕೊಟ್ಟರು. ಕಡೆಗೊಂದು ಸಂಜೆ ಪ್ರೋಗ್ರಾಂ ನಲವತ್ತು ನಿಮಿಷ ತಿಣುಕಿ, ನಮ್ಮ ಶಾಲೆಯ ಟೈಮ್‌ಟೇಬಲನ್ನು ಯಾರೂ ಎರಡು ಕಡೆ ನಿಲ್ಲದ ಹಾಗೆ ಮುಗಿಸಿತು. ಪ್ರಿಂಟರು ಕರಕರ ಎಂದು ಹಾಳೆ ಉಗುಳುತ್ತಿದ್ದಾಗ ಅವರು ಕೆಳಗೆ ಹೋಗಿ ಇಬ್ಬರಿಗೂ ಚಹಾ ತಂದರು. ಚಹಾ ಕುಡಿಯುತ್ತಾ ಅವರು ಹೇಳಿದ ಮೊದಲ ಮಾತು, "ಇದನ್ನು ಮಾರ್ಬಹುದು."

ನನಗೆ ಮಾರುವ ಯೋಚನೆಯೇ ಬಂದಿರಲಿಲ್ಲ. ಆದರೆ ಮೇ ತಿಂಗಳಲ್ಲಿ ಗುಂಡಿ ಸರಿಸುವವರು ಎಲ್ಲ ಶಾಲೆಯಲ್ಲೂ ಒಬ್ಬೊಬ್ಬರು ಇರಲೇಬೇಕು ಎಂದು ಗೊತ್ತಿತ್ತು. ಅರ್ಧ ಅವರದು, ಅರ್ಧ ನನ್ನದು ಎಂದು ಮಾತಾಯಿತು. ಕಾಗದಪತ್ರ ಏನೂ ಮಾಡಲಿಲ್ಲ.

ಶಾಲೆಗಳಲ್ಲಿ ಕಂಪ್ಯೂಟರೇ ಇಲ್ಲದ ಕಾಲ. ಹಾಗಾಗಿ ಮೊದಲ ವರ್ಷ ನಾವು ಮಾರಿದ್ದು ಹಾಳೆಯನ್ನು. ಶಾಲೆಯವರು ವಿವರ ಬರೆದು ತಂದು ಕೊಡುವುದು, ನಾವು ಟೈಮ್‌ಟೇಬಲ್ ಮುದ್ರಿಸಿ ಕೊಡುವುದು. ಬೆಲೆ ಎಷ್ಟು? ನನ್ನ ಗಣಿತದ ಬುದ್ಧಿ ತಕ್ಷಣ ಓಡಿತು. ಶಿಕ್ಷಕರು ಹೆಚ್ಚಾದಷ್ಟೂ ಕೆಲಸ ಕಷ್ಟ, ಆದ್ದರಿಂದ ಶಿಕ್ಷಕರೊಬ್ಬರಿಗೆ ಐದು ರೂಪಾಯಿ. ಚಿಕ್ಕ ಶಾಲೆಗೆ ಕಡಿಮೆ, ದೊಡ್ಡ ಶಾಲೆಗೆ ಹೆಚ್ಚು. ಇದಕ್ಕಿಂತ ನ್ಯಾಯವಾದದ್ದು ಇನ್ನೇನಿದೆ ಎಂದುಕೊಂಡೆ.

ಮೊದಲು ಬಂದದ್ದು ಪೇಟೆಯಾಚೆಯ ಒಂದು ಶಾಲೆಯ ಹೆಡ್‌ಮಾಸ್ಟರು. ಪಟ್ಟಿಯಲ್ಲಿ ಹನ್ನೊಂದು ಹೆಸರಿತ್ತು. ಸುಲಭವಾಗಿ ಆಯಿತು, ಕೊಟ್ಟೆವು. ಜೂನ್ ಎರಡನೇ ವಾರ ಅವರು ಮತ್ತೆ ಬಂದರು. "ಟೀಚರ್, ನಮ್ಮ ಪಿ.ಟಿ. ಮಾಸ್ಟ್ರಿಗೆ ಒಂದೂ ಕ್ಲಾಸಿಲ್ಲ. ಡ್ರಾಯಿಂಗಿನವರಿಗೂ ಇಲ್ಲ. ಅವರು ಸ್ಟಾಫ್ ರೂಮಿನಲ್ಲಿ ಕೂತು ನನ್ನನ್ನು ನೋಡುದು."

ಪಟ್ಟಿ ತೆಗೆದು ನೋಡಿದೆ. "ಅವರ ಹೆಸರೇ ನೀವು ಬರೆದಿಲ್ವಲ್ಲ?"

ಅವರು ಗೋಡೆ ನೋಡುತ್ತಾ ಹೇಳಿದರು, "ಆಟ, ಚಿತ್ರ ಎಲ್ಲ ಹೇಗೂ ಎಲ್ಲಿಯಾದ್ರೂ ಹಾಕಿಕೊಳ್ಬಹುದು ಅಂತ ಬಿಟ್ಟದ್ದು. ತಲೆಗೆ ಐದು ಅಂತ ನೀವು ಬರೆದದ್ದಲ್ವಾ?"

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬೆಲೆಯನ್ನು ತಲೆಗೆ ಕಟ್ಟಿದವಳು ನಾನು. ಅವರು ತಲೆ ಕಡಿಮೆ ಮಾಡಿದರು. ಬೇರೆ ಶಾಲೆಗಳ ಪಟ್ಟಿ ತೆಗೆದು ನೋಡಿದರೆ ಇನ್ನೂ ಎರಡು ಕಡೆ ಹೊಲಿಗೆಯವರು ಮಾಯವಾಗಿದ್ದರು. ಮುಂದಿನ ವರ್ಷಕ್ಕೆ ಶಾಲೆ ಎಷ್ಟೇ ದೊಡ್ಡದಿರಲಿ ಒಂದೇ ಬೆಲೆ ಎಂದು ತೀರ್ಮಾನಿಸಿದೆವು. ಆಮೇಲೆ ಪಟ್ಟಿಗಳು ಪೂರ್ತಿಯಾಗಿ ಬರತೊಡಗಿದವು.

ಆದರೆ ಸುಳ್ಯದ ಕಡೆಯವರು ಪುತ್ತೂರಿಗೆ ಬರಲು ಒಪ್ಪಲಿಲ್ಲ. ಒಮ್ಮೆ ವಿವರ ಕೊಡಲು, ಒಮ್ಮೆ ಹಾಳೆ ಒಯ್ಯಲು, ಒಮ್ಮೆ ತಪ್ಪು ತಿದ್ದಿಸಲು, ಮೂರು ದಿನ ಬಸ್ಸಿನಲ್ಲೇ ಹೋಗುತ್ತದೆ ಎಂಬುದು ಅವರ ವಾದ. ಆಗ ಸುಳ್ಯದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ, ಹೊಸದಾಗಿ ಒಂದು ಕಂಪ್ಯೂಟರ್ ತರಿಸಿದ್ದ ಒಬ್ಬರು ಪತ್ರ ಬರೆದರು: ಪ್ರೋಗ್ರಾಂ ಇರುವ ಫ್ಲಾಪಿಯನ್ನೇ ನನಗೆ ಮಾರಿ, ಈ ಕಡೆಯ ಶಾಲೆಗಳನ್ನು ನಾನು ನೋಡಿಕೊಳ್ಳುತ್ತೇನೆ.

ಸೆಂಟರಿನ ನನ್ನ ಪಾಲುದಾರರಿಗೆ ಅನುಮಾನ. "ಫ್ಲಾಪಿ ಕೈಬಿಟ್ರೆ ಹೋಯ್ತು ಟೀಚರ್. ದುಬೈಯಲ್ಲಿ ನಾನೇ ನೋಡಿದ್ದೇನೆ. ಬೆಳಿಗ್ಗೆ ಒಂದು ಇದ್ದದ್ದು ಸಂಜೆಗೆ ಹತ್ತು ಆಗಿರ್ತದೆ."

ಆಗಿನ ಯಂತ್ರಗಳಿಗೆ ತಾರೀಕು ನೆನಪಿರುತ್ತಿರಲಿಲ್ಲ. ಹಾಕಿದಾಗೆಲ್ಲ ನಾವೇ ಬರೆಯಬೇಕು. ಹಾಗಾಗಿ ಒಂದು ವರ್ಷಕ್ಕೆ ಮಾತ್ರ ಎಂಬ ಬೀಗ ಹಾಕುವಂತಿರಲಿಲ್ಲ, ಸುಳ್ಳು ತಾರೀಕು ಕೊಟ್ಟರೆ ಮುಗಿಯಿತು. ಪಾಲುದಾರರು ಬೇರೆ ಉಪಾಯ ಮಾಡಿದರು. ಫ್ಲಾಪಿಯ ಒಂದು ಜಾಗವನ್ನು ಬೇಕೆಂದೇ ಸೂಜಿಮೊನೆಯಿಂದ ಕೆಡಿಸಿದರು. ಪ್ರೋಗ್ರಾಂ ಮೊದಲು ಆ ಜಾಗ ಕೆಟ್ಟಿದೆಯೇ ಎಂದು ನೋಡುತ್ತದೆ, ಕೆಟ್ಟಿರದಿದ್ದರೆ ಅದು ನಕಲು, ಓಡುವುದಿಲ್ಲ. ಜತೆಗೆ ಒಂದು ಎಣಿಕೆ. ಒಂದು ಫ್ಲಾಪಿಗೆ ಇಪ್ಪತ್ತು ಶಾಲೆ. ಒಂದು ಶಾಲೆ ಮಾಡಿದಾಗ ಒಂದು ಇಳಿಯುತ್ತದೆ. ಇಪ್ಪತ್ತೂ ಮುಗಿದರೆ ಹೊಸ ಫ್ಲಾಪಿ ಕೊಳ್ಳಬೇಕು. ಎಣಿಕೆ ಯಾವಾಗ ಇಳಿಯಬೇಕು ಎಂಬ ಪ್ರಶ್ನೆ ಬಂತು. ಕೆಲಸ ಮುಗಿದ ಮೇಲೆ ಇಳಿಸಿದರೆ, ಹಾಳೆ ಬಂದ ಕೂಡಲೇ ಸ್ವಿಚ್ ಆರಿಸಿ ಎಣಿಕೆ ಉಳಿಸಿಕೊಂಡಾರು ಎಂದು ಅವರು ಹೇಳಿದರು. ಸರಿ, ಶುರುವಿನಲ್ಲೇ ಇಳಿಸುವ ಹಾಗೆ ನಾನೇ ಬರೆದೆ. ಆ ಮೂರು ಸಾಲು ಬರೆಯುವಾಗ ನನಗೆ ಏನೂ ಅನಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಹಾಗೆ ಬೀಗ ಹಾಕಿದ ಫ್ಲಾಪಿಯನ್ನು ಸುಳ್ಯದ ಆ ಟೈಪಿಂಗಿನವರಿಗೆ ಮಾರಿದೆವು. ಜೂನ್ ಮೂರನೇ ವಾರದ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ನಾನು ಸೆಂಟರಿನಲ್ಲಿದ್ದಾಗ ಸುಳ್ಯದವರು ಮೆಟ್ಟಿಲು ಹತ್ತಿ ಬಂದರು. ನಲವತ್ತು ದಾಟಿದ, ಬಿಳಿ ಶರ್ಟಿನ ತೋಳು ಮಡಚಿದ ಮನುಷ್ಯ. ಕೊಡೆಯನ್ನು ಮೂಲೆಗೆ ಇಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಫ್ಲಾಪಿಯನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟರು.

"ಇದರಲ್ಲಿ ಇಪ್ಪತ್ತು ಉಂಟು ಅಂತ ಹೇಳಿದ್ದು ನೀವಲ್ವಾ? ಆರು ಶಾಲೆಯದ್ದು ಆಯ್ತು. ಈಗ ಮುಗಿದಿದೆ ಅಂತ ಹೇಳ್ತದೆ."

ಪಾಲುದಾರರು ನಕ್ಕರು, ಆ ನಗೆಯಲ್ಲಿ ನಂಬಿಕೆ ಇರಲಿಲ್ಲ. "ಹಾಗಾದ್ರೆ ಉಳಿದ ಹದಿನಾಲ್ಕು ಯಾರಿಗೆ ಮಾಡಿದ್ದು?"

"ಕರೆಂಟಿಗೆ ಮಾಡಿದ್ದು ಮಾರಾಯ್ರೆ!" ಅವರು ದನಿ ಏರಿಸಿದರು. "ನಿಮ್ಮ ಪುತ್ತೂರಿನ ಹಾಗೆ ಅಲ್ಲ ಅಲ್ಲಿ. ಒಂದು ಗಾಳಿ ಬಂದ್ರೆ ಲೈನಿಗೆ ಮರ ಬೀಳ್ತದೆ. ಅರ್ಧ ಗಂಟೆ ಓಡಿರ್ತದೆ, ಫಕ್ಕನೆ ಹೋಗ್ತದೆ. ಪುನಃ ಶುರು ಮಾಡಿದ್ರೆ ಒಂದು ಇಳಿದಿರ್ತದೆ. ಒಂದೇ ಶಾಲೆಗೆ ಐದು ಸಲ ಇಳಿದದ್ದುಂಟು."

ನಲವತ್ತು ನಿಮಿಷ ಓಡುವ ಪ್ರೋಗ್ರಾಮಿನ ಎಣಿಕೆಯನ್ನು ಶುರುವಿನಲ್ಲಿ ಇಳಿಸಿದರೆ ಸುಳ್ಯದ ಮಳೆಗಾಲದಲ್ಲಿ ಏನಾಗುತ್ತದೆ ಎಂದು ಯೋಚಿಸಲು ಗಣಿತದ ಟೀಚರೇ ಬೇಕಾಗಿರಲಿಲ್ಲ.

ಪಾಲುದಾರರು ಇನ್ನೂ ಬಿಡಲಿಲ್ಲ. "ಕರೆಂಟು ಹೋದದ್ದಕ್ಕೆ ನಮಗೆ ಎಂತ ಸಾಕ್ಷಿ?"

ಸುಳ್ಯದವರು ಅವರ ಕಡೆ ನೋಡಲೇ ಇಲ್ಲ, ನನ್ನ ಕಡೆ ತಿರುಗಿದರು. "ಟೀಚರ್, ಗುತ್ತಿಗಾರಿನ ಶಾಲೆ ಶುರುವಾಗಿ ಎರಡು ವಾರ ಆಯ್ತು. ಟೈಮ್‌ಟೇಬಲ್ ಇಲ್ಲ. ಹೆಡ್‌ಮಾಸ್ಟ್ರು ದಿನಾ ಪೇಟೆಗೆ ಬರುವ ಜೀಪಿನವರ ಹತ್ತಿರ ಕೇಳಿ ಕಳಿಸ್ತಾರೆ. ಅವರು ನನ್ನ ಮುಖ ನೋಡಿ ದುಡ್ಡು ಕೊಟ್ಟದ್ದು, ನಿಮ್ಮ ಫ್ಲಾಪಿ ನೋಡಿ ಅಲ್ಲ. ಈಗ ನಾನು ಅವರಿಗೆ ಎಂತ ಹೇಳುದು, ಅದನ್ನು ನೀವೇ ಹೇಳಿ."

ಆ ಕ್ಷಣದಲ್ಲಿ ನನಗೆ ಅನಿಸಿದ್ದು ಇಷ್ಟೆ: ನಾವು ಈ ಮನುಷ್ಯನಿಗೆ ಒಂದು ಸಾಮಾನು ಮಾರಿದ್ದೇವೆ, ಅದು ಕೆಟ್ಟಾಗಲೆಲ್ಲ ಅವನದೇ ಕಿಸೆಯಿಂದ ತೆಗೆಯುವ ಹಾಗೆ ಮಾಡಿದ್ದೇವೆ, ಈಗ ಸಾಕ್ಷಿ ಬೇರೆ ಕೇಳುತ್ತಿದ್ದೇವೆ.

"ನಾಳೆ ನಾನೇ ಸುಳ್ಯಕ್ಕೆ ಬರ್ತೇನೆ, ಬೀಗ ಇಲ್ಲದ ಫ್ಲಾಪಿ ಹಿಡ್ಕೊಂಡು" ಎಂದೆ.

ಸುಳ್ಯದವರು ಹೋದ ಮೇಲೆ ಪಾಲುದಾರರು ಹಳೆಯ ಫ್ಲಾಪಿಯನ್ನು ಮೇಜಿನ ಖಾನೆಗೆ ಹಾಕಿದರು. "ಬೀಗ ಇಲ್ಲದ್ದನ್ನು ಅಲ್ಲಿ ಬಿಟ್ಟು ಬರ್ಬೇಡಿ" ಎಂದಷ್ಟೇ ಹೇಳಿದರು.

ಭಾನುವಾರ ಬೆಳಗ್ಗಿನ ಬಸ್ಸಿಗೆ ಹೊರಟೆ. ಟೈಪಿಂಗ್ ಇನ್‌ಸ್ಟಿಟ್ಯೂಟ್ ಎಂದರೆ ಹೆಂಚಿನ ಕಟ್ಟಡದ ಒಂದು ಕೋಣೆ, ಹನ್ನೆರಡು ಟೈಪ್‌ರೈಟರು, ಕೊನೆಯಲ್ಲಿ ಟವೆಲ್ ಹೊದ್ದ ಕಂಪ್ಯೂಟರು. ನಾನು ಕೂತ ಮೇಲೆ ಸಂಜೆಯೊಳಗೆ ನಾಲ್ಕು ಸಲ ಕರೆಂಟು ಹೋಯಿತು. ಹೋದಾಗೆಲ್ಲ ಸುಳ್ಯದವರು ನನ್ನ ಕಡೆ ಒಮ್ಮೆ ನೋಡಿ, ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದರು. ಗುತ್ತಿಗಾರಿನದು ಮೂರನೇ ಪ್ರಯತ್ನಕ್ಕೆ ಮುಗಿಯಿತು. ಅವರ ಮನೆಯಲ್ಲೇ ಉಳಿದು, ಸೋಮವಾರ ಒಂದು ರಜೆ ಹಾಕಿ, ಹಾಳೆಯನ್ನು ನಾನೇ ಕೊಡುತ್ತೇನೆಂದು ಅವರೊಂದಿಗೆ ಜೀಪು ಹತ್ತಿದೆ. ಕ್ಷಮೆ ಕೇಳಬೇಕೆಂದು ಮನಸ್ಸಿನಲ್ಲಿತ್ತು.

ಗುತ್ತಿಗಾರಿನ ಹೆಡ್‌ಮಾಸ್ಟರು ಕ್ಷಮೆ ಕೇಳಲು ಬಿಡಲಿಲ್ಲ. "ಬಂದ್ರಲ್ಲ, ಸಾಕು" ಎಂದು ಸ್ಟಾಫ್ ರೂಮಿಗೆ ಕರೆದೊಯ್ದರು. ಅಲ್ಲಿ ಗೋಡೆಯ ಮೇಲೆ ಆಗಲೇ ಒಂದು ಟೈಮ್‌ಟೇಬಲ್ ಇತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನೀಲಿ, ಕೆಂಪು ಶಾಯಿಯಿಂದ ಬರೆದದ್ದು. ಬರೆದವರು ಅಲ್ಲಿಯ ಡ್ರಾಯಿಂಗ್ ಮಾಸ್ಟರು, ನಿವೃತ್ತಿಗೆ ಹತ್ತಿರವಾದವರು. ಕಾದು ಸಾಕಾಗಿ ಮೂರು ದಿನದ ಹಿಂದೆ ಅವರೇ ಕೂತು ಮಾಡಿದ್ದರಂತೆ.

ನಾನು ನನ್ನ ಹಾಳೆಯನ್ನು ಅದರ ಪಕ್ಕದಲ್ಲಿ ಹಿಡಿದೆ. ಡ್ರಾಯಿಂಗ್ ಮಾಸ್ಟರು ಕನ್ನಡಕ ಏರಿಸಿ ನನ್ನದನ್ನು ನಿಧಾನವಾಗಿ ಓದಿದರು. "ಎಂಟನೇ ಕ್ಲಾಸಿಗೆ ನಾಲ್ಕು ದಿನ ಮೊದಲ ಪೀರಿಯಡ್ ಲೆಕ್ಕ. ಇದು ಯಾಕೆ?"

"ಬೆಳಿಗ್ಗೆ ಮಕ್ಕಳ ತಲೆ ಚುರುಕಾಗಿರ್ತದೆ ಅಂತ." ಅದು ಪ್ರೋಗ್ರಾಮಿನಲ್ಲಿ ನಾನೇ ಬರೆದ ನಿಯಮ. ಯಾವ ಶಾಲೆಯವರೂ ಕೇಳಿದ್ದಲ್ಲ.

"ಅದು ಸರಿ. ಆದ್ರೆ ಇಲ್ಲಿ ಆನೆ ಇಳಿದ ದಿನ ಕಾಡಿನ ಬದಿಯ ಮಕ್ಕಳು ಒಂದು ಗಂಟೆ ತಡ. ಯಾರಾದ್ರೂ ದೊಡ್ಡವರು ಸಿಕ್ಕಿದ ಮೇಲೆ ಒಟ್ಟಾಗಿ ಬರುದು. ಮೊದಲ ಪೀರಿಯಡ್ ಲೆಕ್ಕ ಹಾಕಿದ್ರೆ ಆ ಹತ್ತು ಹದಿನೈದು ಮಕ್ಕಳಿಗೆ ವರ್ಷವಿಡೀ ಲೆಕ್ಕ ಇಲ್ಲ. ಅದಕ್ಕೆ ನಾನು ನನ್ನ ಚಿತ್ರದ ಕ್ಲಾಸನ್ನೇ ಮುಂದೆ ಹಾಕಿದ್ದು. ಚಿತ್ರ ಅರ್ಧದಿಂದ ಶುರು ಮಾಡಿದ್ರೂ ಆಗ್ತದೆ." ಅವರು ಹಾಳೆಯನ್ನು ನನಗೆ ಮರಳಿಸಿದರು. "ನಿಮ್ಮ ಕಂಪ್ಯೂಟರಿಗೆ ಆನೆ ಗೊತ್ತುಂಟಾ?"

ಅವರು ಹಾಸ್ಯಕ್ಕೆ ಕೇಳಿದ್ದಲ್ಲ. ನಿಜವಾಗಿ ತಿಳಿಯಲಿಕ್ಕೆ ಕೇಳಿದ್ದು.

"ಇಲ್ಲ" ಎಂದೆ. "ಆದ್ರೆ ಹೇಳಿಕೊಡ್ಬಹುದು."

ಅವರ ಕ್ಯಾಲೆಂಡರಿನಲ್ಲಿ ಒಂದೆರಡು ಕಡೆ ಹಿಂದಿಯವರು ಎರಡು ತರಗತಿಯಲ್ಲಿ ನಿಂತಿದ್ದರು. ಅದನ್ನು ತೋರಿಸಿದೆ. ಅವರು ನಾಲಗೆ ಕಚ್ಚಿಕೊಂಡರು. ಇಬ್ಬರೂ ಬೆಂಚಿನ ಮೇಲೆ ಕೂತು, ಅವರದ್ದರ ಮೊದಲ ಪೀರಿಯಡ್ ಮತ್ತು ನನ್ನದರ ಉಳಿದದ್ದನ್ನು ಸೇರಿಸಿ ಮಧ್ಯಾಹ್ನದೊಳಗೆ ಒಂದು ಮಾಡಿದೆವು. ಸುಳ್ಯದವರು ಅದನ್ನು ಚೆಂದದ ಅಕ್ಷರದಲ್ಲಿ ಬರೆದು ಅಂಟಿಸಿದರು. ಊಟ ಹೆಡ್‌ಮಾಸ್ಟರ ಮನೆಯಲ್ಲಿ.

ಹಿಂದೆ ಬರುವಾಗ ಜೀಪಿನಲ್ಲಿ ಸುಳ್ಯದವರ ಹತ್ತಿರ ಕೇಳಿದೆ, "ನೀವು ಕೊಂಡದ್ದು ಎಂತದ್ದು ಅಂತ ನಿಮಗೆ ಅನಿಸುದು? ಫ್ಲಾಪಿಯಾ?"

"ಫ್ಲಾಪಿ ಎಂತಕ್ಕೆ ನನಗೆ? ಕೇಳಿದ್ರೆ ಉತ್ತರ ಕೊಡುವವರು ಒಬ್ರು ಪುತ್ತೂರಿನಲ್ಲಿ ಇದ್ದಾರೆ ಅಂತ ಕೊಂಡದ್ದು."

ಬೀಗ ಇಲ್ಲದ ಫ್ಲಾಪಿಯನ್ನು ನಾನು ಅವರ ಬಳಿಯೇ ಬಿಟ್ಟುಬಂದೆ. ಮಂಗಳವಾರ ಸಂಜೆ ಅದನ್ನು ಪಾಲುದಾರರಿಗೆ ಹೇಳಿದೆ. ಆ ಒಂದು ವಿಷಯಕ್ಕೆ ನಮ್ಮಲ್ಲಿ ದೊಡ್ಡ ಜಗಳವಾಯಿತು. ಅರ್ಧ ತನ್ನದು ಎಂದ ಮೇಲೆ ಕೇಳದೆ ಹೇಗೆ ಕೊಟ್ಟಿರಿ ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

"ಕೆಳಗೆ ನಮ್ಮ ಅಂಗಡಿಯಲ್ಲಿ ಒಂದು ಥಾನು ಬಟ್ಟೆ ಮುಂದಿಟ್ಟು, ಬೇಕಾದಷ್ಟು ಹರಿದುಕೊಳ್ಳಿ ಅಂತ ಹೇಳ್ತಾರಾ?" ಎಂದರು.

"ಬಟ್ಟೆ ಹರಿದ್ರೆ ಮುಗೀತದೆ. ಇದು ಮುಗಿಯುದಿಲ್ಲ."

"ಅದೇ ನನ್ನ ಹೆದರಿಕೆ!"

ಒಂದು ವಾರ ನಾನು ಆ ಮೆಟ್ಟಿಲು ಹತ್ತಲಿಲ್ಲ. ಎಂಟನೇ ದಿನ ಅವರೇ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದರು. ಕೈಯಲ್ಲಿ ಒಂದು ಪ್ರಿಂಟ್ ಹಾಳೆ. ಕಡಬದ ಒಂದು ಶಾಲೆಯದು. ಅದರ ಕೆಳಗೆ ನಮ್ಮ ಪ್ರೋಗ್ರಾಂ ತಾನಾಗಿ ಮುದ್ರಿಸುವ, ಸೆಂಟರಿನ ಹೆಸರಿರುವ ಸಾಲು ಇತ್ತು. ನಾವು ಕಡಬದಲ್ಲಿ ಯಾರಿಗೂ ಮಾರಿರಲಿಲ್ಲ. ಸುಳ್ಯದವರ ಹತ್ತಿರ ಟೈಪಿಂಗ್ ಕಲಿತ ಯಾರೋ ಒಯ್ದಿದ್ದರು. ಈಗ ಜಗಳ ಮುಂದುವರಿಯುತ್ತದೆ ಎಂದುಕೊಂಡೆ. ಆದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು.

"ಇದನ್ನು ಹಿಡ್ಕೊಂಡು ಆ ಶಾಲೆಯ ಹೆಡ್‌ಮಾಸ್ಟ್ರು ಬಂದಿದ್ದಾರೆ, ಸೆಂಟರಿನಲ್ಲಿ ಕೂತಿದ್ದಾರೆ. ಶುಕ್ರವಾರ ಮಧ್ಯಾಹ್ನ ಮಕ್ಕಳು ನಮಾಜಿಗೆ ಹೋಗಿ ಬರ್ಬೇಕು, ಊಟದ ಬಿಡುವು ಉದ್ದ ಬೇಕು. ಇದರಲ್ಲಿ ಹಾಗೆ ಮಾಡ್ಲಿಕ್ಕೆ ಬರುದಿಲ್ಲ. ಮಾಡಿಕೊಡಿ, ದುಡ್ಡು ಕೊಡ್ತೇನೆ ಅಂತ ಹೇಳ್ತಾರೆ." ಹಾಳೆಯನ್ನು ನನ್ನ ಕೈಗೆ ಕೊಟ್ಟು ಹೇಳಿದರು, "ಕದ್ದವರೇ ಬಂದು ದುಡ್ಡು ಕೊಡ್ತೇನೆ ಅಂತ ಹೇಳುದು ನಾನು ಎಲ್ಲಿಯೂ ನೋಡಿಲ್ಲ."

ಶುಕ್ರವಾರದ ಆ ನಿಯಮವನ್ನು ನಾನು ಬರೆದೆ. ಅವರೂ ಪಕ್ಕದಲ್ಲಿ ಕೂತಿದ್ದರು. ತನಗೇ ಅದು ಮೊದಲು ಹೊಳೆಯಲಿಲ್ಲವಲ್ಲ ಎಂದು ಎರಡು ಸಲ ಹೇಳಿಕೊಂಡರು.

ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ನಾವು ಬೇರೆ ರೀತಿ ಮಾರುವುದೆಂದು ನಿಶ್ಚಯಿಸಿದೆವು. ಸೂಜಿಯ ಗುರುತು ಇಲ್ಲ, ಎಣಿಕೆ ಇಲ್ಲ. ಫ್ಲಾಪಿ ಯಾರಿಗೆ ಬೇಕಾದರೂ ಅದರ ಖರ್ಚಿಗೆ ಸಿಗುತ್ತದೆ. ಬೆಲೆ ಇರುವುದು ವರ್ಷಕ್ಕೆ. ವರ್ಷದ ದುಡ್ಡು ಕೊಟ್ಟವರಿಂದ ಏಪ್ರಿಲಿನಲ್ಲಿ ಅವರ ಶಾಲೆಯ ನಿಯಮಗಳನ್ನು ಕೇಳಿ ಬರೆದುಕೊಳ್ಳುತ್ತೇವೆ, ಮೇ ತಿಂಗಳಲ್ಲಿ ಅವೆಲ್ಲ ಸೇರಿದ ಹೊಸ ಫ್ಲಾಪಿ ಕೊಡುತ್ತೇವೆ, ಜೂನಿನಿಂದ ಮಾರ್ಚಿನವರೆಗೆ ಏನು ಕೇಳಿದರೂ ಉತ್ತರ ಕೊಡುತ್ತೇವೆ. ಸುಳ್ಯದವರು ತಮ್ಮ ಕಡೆಯ ಶಾಲೆಗಳಿಂದ ತೆಗೆದುಕೊಂಡದ್ದರಲ್ಲಿ ಅರ್ಧ ಅವರಿಗೇ. ಅರ್ಧ ಹೆಚ್ಚಾಯಿತು ಎಂದು ಪಾಲುದಾರರು ವಾದಿಸಿದರು. ಏಪ್ರಿಲಿನ ಬಿಸಿಲಿಗೆ ಜೀಪು ಹತ್ತಿ ಶಾಲೆ ಶಾಲೆಗೆ ಹೋಗುವವರು ಅವರು ಎಂದೆ. ಒಪ್ಪಿದರು.

ಇದರಿಂದ ನಾವು ಶ್ರೀಮಂತರಾಗಲಿಲ್ಲ. ಎರಡನೇ ವರ್ಷ ಇನ್ನೊಂದು ಕಂಪ್ಯೂಟರ್ ಬಂತು, ಅದರಲ್ಲಿ ಟೈಮ್‌ಟೇಬಲಿನ ಪಾಲು ಸ್ವಲ್ಪ. ದುಡ್ಡು ಕೊಡದೆ ಹಳೆಯ ಫ್ಲಾಪಿಯಲ್ಲೇ ನಡೆಸಿದ ಶಾಲೆಗಳು ಎಷ್ಟೋ ಇದ್ದಿರಬೇಕು, ಹುಡುಕಲು ಹೋಗಲಿಲ್ಲ. ಆದರೆ ಪಾಲುದಾರರ ಸಿಟ್ಟು ಪೂರ್ತಿ ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಮದುವೆ ಮನೆಯಲ್ಲಿ ಎದುರಾದರೂ, "ಇವರು ನಮ್ಮ ಟೀಚರು, ಬಾಗಿಲಿಗೆ ಬೀಗ ಹಾಕುದಿಲ್ಲ" ಎಂದು ಪರಿಚಯ ಮಾಡುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು.

ತೊಂಬತ್ತರ ದಶಕದ ಶುರುವಿನ ಒಂದು ಏಪ್ರಿಲಿನಲ್ಲಿ ನಾನೂ ಅವರೂ ಕಡಬಕ್ಕೆ ಹೋಗಿದ್ದೆವು. ಅಲ್ಲಿ ಹುಡುಗಿಯರ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ಸು, ಲೆಕ್ಕಾಚಾರದ ಹೆಂಗಸು, ವರ್ಷದ ಬೆಲೆ ಬರೆದಿದ್ದ ನಮ್ಮ ಕಾಗದವನ್ನು ಎರಡು ಸಲ ಓದಿ ಕೇಳಿದರು, "ಈ ವರ್ಷ ನಮ್ಮಲ್ಲಿ ಏನೂ ಬದಲಾಗ್ಲಿಕ್ಕಿಲ್ಲ. ಅದೇ ಟೀಚರ್ಸು, ಅದೇ ಕ್ಲಾಸು. ಆಗ ನಿಮಗೆ ಎಂತಕ್ಕೆ ಕೊಡ್ಬೇಕು?"

ಪಾಲುದಾರರು ಬಾಯಿ ತೆರೆಯುವ ಮೊದಲೇ ನಾನು, "ಕೊಡ್ಬೇಡಿ. ಕಳೆದ ವರ್ಷದ್ದನ್ನೇ ಹಾಕಿ" ಎಂದೆ.

ಹಿಂದೆ ಬರುವಾಗ ಪಾಲುದಾರರು ಬಸ್ಸಿನಲ್ಲಿ ಬೇರೆ ಸೀಟು ಹುಡುಕಿ ಕೂತರು. ಆ ಶಾಲೆಯಿಂದ ಜುಲೈಯಲ್ಲಿ ಸೆಂಟರಿಗೆ ಫೋನು ಬಂತು. ವಿಜ್ಞಾನದ ಟೀಚರಿಗೆ ಹೆರಿಗೆ ರಜೆ, ಬದಲಿಗೆ ಬಂದವರು ಮಧ್ಯಾಹ್ನ ಮಾತ್ರ ಸಿಗುವವರು. ಫೋನು ತೆಗೆದದ್ದು ಪಾಲುದಾರರು. ಆ ಕಡೆಯಿಂದ ಹೇಳಿದ್ದನ್ನು ಒಂದು ಚೀಟಿಯಲ್ಲಿ ಪೂರ್ತಿ ಬರೆದುಕೊಂಡು, ಪುನಃ ಓದಿ ಹೇಳಿ, ನಾಳೆ ಸಂಜೆಯೊಳಗೆ ಕಳಿಸುತ್ತೇನೆ ಎಂದರು. ಆ ಶಾಲೆ ಕೊಟ್ಟಿರದ ವರ್ಷದ ದುಡ್ಡಿನ ಬಗ್ಗೆ ಅವರಾಗಿ ಏನೂ ಕೇಳಲಿಲ್ಲ. ಚೀಟಿಯನ್ನು ನನ್ನ ಕಡೆ ಸರಿಸಿ, "ಮೊದಲು ಇದು ಮಾಡಿ ಟೀಚರ್, ಪಾಪ ಅವರಿಗೆ ಸೋಮವಾರಕ್ಕೆ ಬೇಕಂತೆ" ಎಂದರು.